ಪಲಮನೇರಿನಲ್ಲಿ ಗುಡುಗಿದರೆ ಕೋಲಾರಕ್ಕೆ ಎಷ್ಟು ಹೊತ್ತು? ಬೇಸಿಗೆ ಮಳೆ-ಗಾಳಿ ಬೆನ್ನತ್ತುವ ಲೆಕ್ಕ ಇಲ್ಲಿದೆ

ಕೋಲಾರ: ಯುಗಾದಿ ಕಳೆದ ಮೇಲೆ ನಮ್ಮ ಜಿಲ್ಲೆಯಲ್ಲಿ ಮಧ್ಯಾಹ್ನ ಮೂರು ಗಂಟೆ ಆಯ್ತು ಅಂದ್ರೆ ಎಲ್ಲರ ಕಣ್ಣೂ ಒಂದು ಸಲ ಆಕಾಶದ ಕಡೆ ಹೋಗುತ್ತೆ. ಎಪಿಎಂಸಿಯಲ್ಲಿ ಟೊಮೆಟೊ ಕ್ರೇಟು ಜೋಡಿಸಿಟ್ಟವರು, ಶ್ರೀನಿವಾಸಪುರದ ಕಡೆ ಮಾವಿನ ತೋಪು ಗುತ್ತಿಗೆ ಹಿಡಿದವರು, ಬಸ್ ಸ್ಟ್ಯಾಂಡ್ ಹತ್ತಿರ ತಗಡಿನ ಶೀಟಿನ ಕೆಳಗೆ ಅಂಗಡಿ ಇಟ್ಟವರು, ಎಲ್ಲರದ್ದೂ ಒಂದೇ ಪ್ರಶ್ನೆ. ಇವತ್ತು ಬರುತ್ತಾ? ಬಂದ್ರೆ ಎಷ್ಟು ಗಂಟೆಗೆ?

ಮೊಬೈಲಿಗೆ ಬರುವ ‘ಯೆಲ್ಲೋ ಅಲರ್ಟ್’ ಈ ಪ್ರಶ್ನೆಗೆ ಅರ್ಧ ಉತ್ತರ ಮಾತ್ರ ಕೊಡುತ್ತದೆ. ಉಳಿದ ಅರ್ಧವನ್ನು ನಾವೇ ಹುಡುಕಿಕೊಳ್ಳಬೇಕು. ಅದಕ್ಕೆ ಬೇಕಾದ ಸಾಮಾನೆಲ್ಲ ಈಗ ಎಲ್ಲರ ಜೇಬಲ್ಲೇ ಇದೆ, ದುಡ್ಡೂ ಖರ್ಚಿಲ್ಲ. ಯಾವುದನ್ನು ಯಾವಾಗ ನೋಡಬೇಕು, ಎಷ್ಟು ನಂಬಬೇಕು ಅನ್ನೋದು ಗೊತ್ತಿದ್ದರೆ ಸಾಕು.

ಇದು ಬರೀ ಟೊಮೆಟೊ ನೆನೆಯುವ ವಿಷಯ ಅಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಲೆಕ್ಕದ ಪ್ರಕಾರ 2022ರಲ್ಲಿ ದೇಶದಲ್ಲಿ ಸಿಡಿಲಿಗೆ ಸತ್ತವರು 2,887 ಜನ. ಪ್ರಕೃತಿ ವಿಕೋಪದ ಸಾವುಗಳಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಸಿಡಿಲಿನದ್ದೇ. ಹೊಲದಲ್ಲಿ ಕೆಲಸ ಮಾಡೋರು, ದನ-ಕುರಿ ಮೇಯಿಸೋರು, ಮಳೆ ಬಂತು ಅಂತ ಮರದ ಕೆಳಗೆ ಓಡಿದವರು, ಹೆಚ್ಚಾಗಿ ಸಿಕ್ಕಿಹಾಕಿಕೊಳ್ಳುವುದು ಇಂಥವರೇ. ಇವರಿಗೆ ಅರ್ಧ ಗಂಟೆ ಮೊದಲು ಗೊತ್ತಾದರೂ ದೊಡ್ಡ ಮಾತು.

ಅಲರ್ಟ್ ಇಡೀ ಜಿಲ್ಲೆಗೆ, ಮೋಡ ಒಂದು ಹೋಬಳಿಗೆ

ಹವಾಮಾನ ಇಲಾಖೆ ಎರಡು ಥರ ಎಚ್ಚರಿಕೆ ಕೊಡುತ್ತೆ, ಬಹಳ ಜನ ಎರಡನ್ನೂ ಒಂದೇ ಅಂದ್ಕೊಳ್ತಾರೆ. ಒಂದು, ದಿನದ ಮುನ್ಸೂಚನೆ. ಇದರಲ್ಲಿ ಹಳದಿ ಅಂದರೆ ಗಮನ ಇಟ್ಟಿರಿ, ಕಿತ್ತಳೆ ಅಂದರೆ ತಯಾರಾಗಿರಿ, ಕೆಂಪು ಅಂದರೆ ಈಗಲೇ ಕ್ರಮ ತಗೊಳ್ಳಿ. ಇನ್ನೊಂದು ‘ನೌಕಾಸ್ಟ್’. ಇದು ಮುಂದಿನ 3 ಗಂಟೆಗೆ ಮಾತ್ರ. ರಾಡಾರ್, ಉಪಗ್ರಹ, ಸಿಡಿಲಿನ ಮಾಹಿತಿ ನೋಡಿಕೊಂಡು ಕೊಡೋದು. ಇಲಾಖೆಯ ‘ಮೌಸಮ್’ ವೆಬ್‌ಸೈಟ್‌ನಲ್ಲಿ ಜಿಲ್ಲೆಯ ಮೇಲೆ ಒತ್ತಿದರೆ ಸಿಗುತ್ತೆ. ಬೆಳಿಗ್ಗೆ ದಿನದ ಮುನ್ಸೂಚನೆ ನೋಡಿ, ಮಧ್ಯಾಹ್ನದ ಮೇಲೆ ನೌಕಾಸ್ಟ್ ನೋಡಿ.

ನೌಕಾಸ್ಟ್‌ನಲ್ಲಿ ಬರೆದಿರುವ ಗಾಳಿಯ ವೇಗವನ್ನು ಅಂಗಡಿಯವರು ಬಿಡದೆ ಓದಬೇಕು. ಇಲಾಖೆ ಲೆಕ್ಕದಲ್ಲಿ ಬೀಸಿ ಬರುವ ಗಾಳಿ ಗಂಟೆಗೆ 40 ಕಿ.ಮೀ. ಒಳಗಿದ್ದರೆ ಸಾಧಾರಣ, 41ರಿಂದ 61 ಇದ್ದರೆ ಮಧ್ಯಮ, 62ರಿಂದ 87 ಇದ್ದರೆ ತೀವ್ರ, ಅದರ ಮೇಲೆ ಅತಿ ತೀವ್ರ. ‘ಗುಡುಗು ಸಹಿತ ಮಳೆ’ ಅಂತ ಎಲ್ಲ ದಿನವೂ ಬರೆದಿರುತ್ತೆ, ಹೌದು. ಅದರ ಪಕ್ಕದ ಈ ಅಂಕಿ ಮಾತ್ರ ದಿನದಿಂದ ದಿನಕ್ಕೆ ಬದಲಾಗುತ್ತೆ. ಸರಿಯಾಗಿ ಕಟ್ಟದ ಫ್ಲೆಕ್ಸು, ಮೊಳೆ ಸಡಿಲವಾದ ಶೀಟು ಹಾರಿಹೋಗೋದು 60ರ ಆಚೆಗಿನ ಗಾಳಿಗೇ ಅಂತ ಕಾಯಬೇಕಿಲ್ಲ, ಮಧ್ಯಮ ಗಾಳಿಯೇ ಸಾಕು.

‘ಅಲರ್ಟ್ ಕೊಟ್ರು, ಒಂದು ಹನಿ ಬೀಳ್ಲಿಲ್ಲ’ ಅನ್ನೋ ಮಾತು ಪ್ರತಿ ವರ್ಷ ಕೇಳ್ತೀವಿ. ನಮ್ಮ ಜಿಲ್ಲೆಯ ವಿಸ್ತೀರ್ಣ ಸುಮಾರು 4 ಸಾವಿರ ಚದರ ಕಿ.ಮೀ. ಒಂದು ಗುಡುಗು ಮೋಡ ಜೋರಾಗಿ ಸುರಿಯುವ ಜಾಗ ಅಬ್ಬಬ್ಬಾ ಅಂದರೆ ಐದು-ಹತ್ತು ಕಿ.ಮೀ. ಅಗಲ. ಹಾಗಾಗಿ ವೇಮಗಲ್‌ನಲ್ಲಿ ಆಲಿಕಲ್ಲು ಬಿದ್ದು, ಬೇತಮಂಗಲದಲ್ಲಿ ಬಿಸಿಲು ಇದ್ದರೂ ಜಿಲ್ಲೆಗೆ ಕೊಟ್ಟ ಅಲರ್ಟ್ ಸರಿಯೇ. ತಪ್ಪು ಇರೋದು ಅಲರ್ಟ್‌ನಲ್ಲಲ್ಲ, ಅದನ್ನು ನಮ್ಮ ಬೀದಿಗೆ ಬಂದ ನೋಟಿಸ್ ಥರ ಓದೋದರಲ್ಲಿ.

ಎಲ್ಲಿಂದ ಬರುತ್ತೆ ಅಂತ ಯಾಕೆ ಹೇಳಕ್ಕಾಗಲ್ಲ

ಬೇಸಿಗೆಯಲ್ಲಿ ನೆಲ ಕಾದು ಗಾಳಿ ಮೇಲೇಳುತ್ತೆ. ಬಂಗಾಳ ಕೊಲ್ಲಿ ಕಡೆಯಿಂದ ತೇವದ ಗಾಳಿ ಬರುತ್ತೆ, ಉತ್ತರ-ಪಶ್ಚಿಮದ ಕಡೆಯಿಂದ ಒಣ ಗಾಳಿ. ಎರಡೂ ಸೇರುವ ಗೆರೆ ಮಾರ್ಚ್‌ನಿಂದ ಮೇವರೆಗೆ ಮಹಾರಾಷ್ಟ್ರದ ಒಳನಾಡಿನಿಂದ ಕರ್ನಾಟಕದ ಒಳನಾಡಿನ ಮೇಲೆ ಹಾದು ತಮಿಳುನಾಡು, ಕೇರಳದ ಕಡೆಗೆ ಇಳಿದಿರುತ್ತೆ. ದಿನಕ್ಕೊಂದು ಕಡೆ ಸರಿಯುತ್ತೆ. ಅದರ ಆಸುಪಾಸಿನಲ್ಲಿ ಮಧ್ಯಾಹ್ನದ ಬಿಸಿಲಿಗೆ ಮೋಡ ಏಳುತ್ತೆ. ನಮ್ಮ ಹಿರಿಯರು ರೇವತಿ, ಅಶ್ವಿನಿ, ಭರಣಿ ಅಂತ ಲೆಕ್ಕ ಹಾಕೋ ಮಳೆಗಳೆಲ್ಲ ಈ ಜಾತಿಯವೇ. ಮಾವಿಗೆ ಒಳ್ಳೇದು ಅಂತ ಕಾಯೋದೂ ಇದಕ್ಕೇ, ಕಾಯಿ ಉದುರಿಸುತ್ತೆ ಅಂತ ಹೆದರೋದೂ ಇದಕ್ಕೇ.

ಮುಂಗಾರು ಶುರುವಾದ ಮೇಲೆ ಮಳೆ ಯಾವ ದಿಕ್ಕಿಂದ ಬರುತ್ತೆ ಅಂತ ಹೇಳಬಹುದು, ಪಶ್ಚಿಮದ ಗಾಳಿ ಜೋರಾಗಿರುತ್ತೆ. ಏಪ್ರಿಲ್-ಮೇನಲ್ಲಿ ಮೇಲಿನ ಗಾಳಿ ಸಾಮಾನ್ಯವಾಗಿ ಅಷ್ಟು ಜೋರಿರಲ್ಲ. ಮೋಡ ಇವತ್ತು ಆಂಧ್ರದ ಕಡೆಯಿಂದ ಬಂದ್ರೆ ನಾಳೆ ಹೊಸಕೋಟೆ ಕಡೆಯಿಂದ ಬರಬಹುದು. ಕೆಲವು ಸಲ ಹುಟ್ಟಿದ ಕಡೆಯೇ ನಿಂತು ಸುರಿದು ಮುಗಿಸುತ್ತೆ. ಇನ್ನೊಂದು ವಿಷಯ, ಒಂದು ಒಂಟಿ ಗುಡುಗು ಮೋಡದ ಆಯಸ್ಸು ಅರ್ಧದಿಂದ ಒಂದು ಗಂಟೆ. ಪಲಮನೇರಿನಲ್ಲಿ ಹುಟ್ಟಿದ ಅದೇ ಮೋಡ ಕೋಲಾರಕ್ಕೆ ಬರಲ್ಲ. ಅದು ಸುರಿಯುವಾಗ ಕೆಳಗೆ ಬೀಳುವ ತಣ್ಣನೆ ಗಾಳಿ ನೆಲದ ಮೇಲೆ ಹರಡಿ, ಮುಂದಿನ ಬಿಸಿ ಗಾಳಿಯನ್ನು ಮೇಲಕ್ಕೆ ಎತ್ತಿ, ಹೊಸ ಮೋಡ ಹುಟ್ಟಿಸುತ್ತೆ. ಹೀಗೆ ಒಂದರಿಂದ ಇನ್ನೊಂದು. ನಾವು ದೂರದಿಂದ ನೋಡಿ ‘ಮಳೆ ಬರ್ತಾ ಇದೆ’ ಅನ್ನೋದು ಈ ಸರಪಳಿಯನ್ನು.

ಆದ್ದರಿಂದಲೇ ಬೆಳಿಗ್ಗೆ ‘ಸಂಜೆ 5ಕ್ಕೆ ಮಳೆ, ಶೇ 60’ ಅಂತ ತೋರಿಸುವ ಫೋನಿನ ಆ್ಯಪನ್ನು ಗಂಟೆಯ ಲೆಕ್ಕಕ್ಕೆ ನಂಬಬೇಡಿ. ಅದು ಕಂಪ್ಯೂಟರ್ ಮಾದರಿ ಹಾಕಿದ ಅಂದಾಜು. ಮೋಡ ಇನ್ನೂ ಹುಟ್ಟಿಯೇ ಇರಲ್ಲ.

ಚೆನ್ನೈ ರಾಡಾರ್‌ಗೆ ಕೋಲಾರ ಎಷ್ಟು ಕಾಣುತ್ತೆ

ಮೋಡ ಹುಟ್ಟಿದ ಮೇಲೆ ಅದನ್ನು ಕಣ್ಣಾರೆ ನೋಡುವ ಸಾಧನ ರಾಡಾರ್. ನಮ್ಮ ಜಿಲ್ಲೆಗೆ ಉಪಯೋಗಕ್ಕೆ ಬರೋದು ಚೆನ್ನೈನ ಡಾಪ್ಲರ್ ರಾಡಾರ್. ಚಿತ್ರ ಹವಾಮಾನ ಇಲಾಖೆ ವೆಬ್‌ಸೈಟ್‌ನ ರಾಡಾರ್ ವಿಭಾಗದಲ್ಲಿ ಸಿಗುತ್ತೆ, ಹತ್ತು ನಿಮಿಷದ ಆಸುಪಾಸಿಗೊಮ್ಮೆ ಹೊಸದಾಗುತ್ತೆ. ‘ಮ್ಯಾಕ್ಸ್ ಝಡ್’ ಅನ್ನೋ ಚಿತ್ರ ತೆಗೀರಿ. ನೀಲಿ, ಹಸಿರು ಇದ್ದರೆ ಹಗುರ ಮಳೆ. ಹಳದಿಯಿಂದ ಕೆಂಪಿಗೆ ಹೋದಷ್ಟೂ ಜೋರು. ಪಕ್ಕದ ಬಣ್ಣದ ಪಟ್ಟಿಯಲ್ಲಿ 50 ದಾಟಿದ ಬಣ್ಣ ಕಂಡರೆ ಆಲಿಕಲ್ಲು ಇರಬಹುದು ಅಂತ ಅರ್ಥ ಮಾಡ್ಕೊಳ್ಳಿ.

ಚಿತ್ರದ ಮೇಲೆ ಸಮಯ ಇರುತ್ತೆ, ಅದನ್ನು ಮೊದಲು ನೋಡಿ. ‘ಯುಟಿಸಿ’ ಅಂತ ಇದ್ದರೆ ಐದೂವರೆ ಗಂಟೆ ಕೂಡಿಸಬೇಕು. 10:30 ಯುಟಿಸಿ ಅಂದರೆ ನಮ್ಮ ಸಂಜೆ 4 ಗಂಟೆ. ಇದು ಗೊತ್ತಿಲ್ಲದೆ ‘ಇದು ಬೆಳಗ್ಗೆದು’ ಅಂತ ಮುಚ್ಚಿಬಿಡೋರು ಬಹಳ ಜನ. ಯಾವಾಗಲಾದರೂ ರಾಡಾರ್ ನಿಂತಿದ್ದರೆ ಹಳೇ ಚಿತ್ರವೇ ಪರದೆ ಮೇಲೆ ಕೂತಿರುತ್ತೆ, ಅದಕ್ಕೂ ಈ ಸಮಯವೇ ಸಾಕ್ಷಿ.

ಒಂದು ಕೊರತೆ ಮಾತ್ರ ಇದೆ. ಚೆನ್ನೈಯಿಂದ ಕೋಲಾರಕ್ಕೆ ನೇರ ದೂರ ಸುಮಾರು 230 ಕಿ.ಮೀ. ಈ ಚಿತ್ರದ ವ್ಯಾಪ್ತಿ 250 ಕಿ.ಮೀ. ಅಂದರೆ ನಾವು ಅಂಚಿನಲ್ಲಿದ್ದೀವಿ. ರಾಡಾರ್ ಕಿರಣ ನೆಲಕ್ಕಿಂತ ಅರ್ಧ ಡಿಗ್ರಿ ಮೇಲಕ್ಕೆ ಹೊರಟರೂ, ಭೂಮಿ ಗುಂಡಗಿರೋದರಿಂದ, ಇಲ್ಲಿಗೆ ಬರುವ ಹೊತ್ತಿಗೆ ಸಮುದ್ರ ಮಟ್ಟದಿಂದ ಸುಮಾರು 5 ಕಿ.ಮೀ. ಎತ್ತರದಲ್ಲಿರುತ್ತೆ. ನಮ್ಮೂರು 800 ಮೀಟರ್‌ಗಿಂತ ಎತ್ತರದಲ್ಲಿದೆ, ಹಾಗಾದರೂ ನಮ್ಮ ತಲೆಯಿಂದ 4 ಕಿ.ಮೀ. ಮೇಲೆ. ಮೋಡದ ಮೇಲಿನ ಭಾಗ ಕಾಣುತ್ತೆ, ಕೆಳಗೆ ಗಾಳಿ ಏನು ಮಾಡ್ತಿದೆ ಅನ್ನೋದು ಕಾಣಲ್ಲ. ಅದೇ ಪಲಮನೇರು ಚೆನ್ನೈಗೆ ಸುಮಾರು 165 ಕಿ.ಮೀ. ದೂರ. ಅಲ್ಲಿ ಕಿರಣ 3 ಕಿ.ಮೀ. ಎತ್ತರದಲ್ಲಿರುತ್ತೆ, ನಮಗಿಂತ ಚೆನ್ನಾಗಿ ಕಾಣುತ್ತೆ. ಪೂರ್ವದಿಂದ ಬರುವ ಮಳೆಯನ್ನು ಗಡಿಯಾಚೆಯೇ ಹಿಡಿಯೋದು ಸುಲಭ. ಮಾಲೂರು ಕಡೆಯಿಂದ ಬರೋದು ಕಷ್ಟ, ರಾಡಾರ್‌ಗೆ ಅದು ಇನ್ನೂ ದೂರ.

ನಾವು ನಮ್ಮ ಜಿಲ್ಲೆಯ ಹೆಸರು ಮಾತ್ರ ಹುಡುಕ್ತೀವಿ, ಅದು ಸಾಲದು. ಪಲಮನೇರು, ಪುಂಗನೂರು, ಕುಪ್ಪಂ ಕಡೆ ಏನಾಗ್ತಿದೆ ನೋಡಿ. ಆಂಧ್ರದ ವಿಪತ್ತು ನಿರ್ವಹಣಾ ಸಂಸ್ಥೆ ಮಂಡಲದ ಮಟ್ಟದಲ್ಲಿ ಸಿಡಿಲಿನ ಎಚ್ಚರಿಕೆ ಕೊಡುತ್ತೆ. ತೆಲುಗು ಓದಕ್ಕೆ ಬಾರದಿದ್ದರೂ ಕೇಳಿದರೆ ಅರ್ಥ ಆಗುವವರಿಗೆ ನಮ್ಮಲ್ಲಿ ಬರ ಇಲ್ಲ. ಅಲ್ಲಿ ನೆಂಟರಿದ್ದರೆ ಒಂದು ಫೋನ್ ಮಾಡಿ ಕೇಳೋದೂ ರಾಡಾರ್‌ನಷ್ಟೇ ಒಳ್ಳೆ ಮಾಹಿತಿ.

ದಾಮಿನಿ, ಸಿಡಿಲು, ವರುಣಮಿತ್ರ

ರಾಡಾರ್ ಎಲ್ಲರಿಗೂ ಒಗ್ಗಲ್ಲ. ಸಿಡಿಲಿನ ಆ್ಯಪ್‌ಗಳು ಸಲೀಸು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ಮಾಡಿರುವ ‘ದಾಮಿನಿ’ ನೀವು ನಿಂತಿರುವ ಜಾಗದ ಸುತ್ತ 20 ಕಿ.ಮೀ., 40 ಕಿ.ಮೀ. ವ್ಯಾಪ್ತಿಯಲ್ಲಿ ಸಿಡಿಲು ಎಲ್ಲೆಲ್ಲಿ ಹೊಡೆದಿದೆ ಅಂತ ಚುಕ್ಕಿ ಹಾಕಿ ತೋರಿಸುತ್ತೆ. ದೇಶದಲ್ಲಿ ಅಲ್ಲಲ್ಲಿ ಇಟ್ಟಿರುವ ಸೆನ್ಸರ್‌ಗಳು ಸಿಡಿಲಿನ ರೇಡಿಯೊ ಅಲೆಯನ್ನು ಹಿಡಿದು, ಯಾವುದಕ್ಕೆ ಮೊದಲು ತಲುಪಿತು, ಯಾವುದಕ್ಕೆ ಆಮೇಲೆ ಅನ್ನೋ ಲೆಕ್ಕದಲ್ಲಿ ಜಾಗ ಗುರುತಿಸುತ್ತವೆ. ನಮ್ಮ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ್ದು ‘ಸಿಡಿಲು’ ಆ್ಯಪ್, ಕನ್ನಡದಲ್ಲೇ ಇದೆ. ಬಣ್ಣ ನೋಡಿದರೆ ಸಾಕು, ಕೆಂಪು ಅಂದರೆ ಅತಿ ಹತ್ತಿರ, ಹಸಿರು ಅಂದರೆ ಸದ್ಯಕ್ಕೆ ಭಯ ಇಲ್ಲ. ಲೊಕೇಶನ್ ಆನ್ ಇರಬೇಕು, ಇಲ್ಲದಿದ್ದರೆ ಎರಡೂ ದಂಡ.

ಚುಕ್ಕಿ ಎಷ್ಟು ದೂರ ಇದೆ ಅನ್ನೋದಕ್ಕಿಂತ ಎಷ್ಟು ಬೇಗ ಹೆಚ್ಚಾಗ್ತಿದೆ ಅನ್ನೋದು ನೋಡಿ. ಹತ್ತು ನಿಮಿಷದ ಹಿಂದೆ ನಾಲ್ಕೈದು ಇದ್ದ ಕಡೆ ಈಗ ಗುಂಪು ಗುಂಪಾಗಿ ಬಿದ್ದಿದ್ದರೆ ಮೋಡದೊಳಗೆ ಗಾಳಿ ಜೋರಾಗಿ ಮೇಲೇಳ್ತಿದೆ ಅಂತ. ಆಲಿಕಲ್ಲು, ಬಿರುಗಾಳಿ ಬರೋದು ಹೆಚ್ಚಾಗಿ ಇಂಥ ಮೋಡದಿಂದಲೇ.

ಸ್ಮಾರ್ಟ್‌ಫೋನ್ ಇಲ್ಲದವರಿಗೆ ಇದೇ ಉಸ್ತುವಾರಿ ಕೇಂದ್ರದ ‘ವರುಣಮಿತ್ರ’ ಸಹಾಯವಾಣಿ ಇದೆ, 92433 45433. ದಿನದ 24 ಗಂಟೆಯೂ ಕನ್ನಡದಲ್ಲಿ ಮಾತಾಡ್ತಾರೆ. ರಾಜ್ಯದ ಪ್ರತಿ ಗ್ರಾಮ ಪಂಚಾಯಿತಿಗೂ ಮಳೆ ಅಳೆಯುವ ಯಂತ್ರ ಇಟ್ಟಿದ್ದಾರೆ, 15 ನಿಮಿಷಕ್ಕೊಮ್ಮೆ ಲೆಕ್ಕ ಕೇಂದ್ರಕ್ಕೆ ಹೋಗುತ್ತೆ. ನಿಮ್ಮ ಪಂಚಾಯಿತಿ ಹೆಸರು ಹೇಳಿ ಕೇಳಬಹುದು. ಹಾಗೇ ‘ಪಕ್ಕದ ಪಂಚಾಯಿತಿಯಲ್ಲಿ ಈಗ ಬೀಳ್ತಿದೆಯಾ’ ಅಂತಲೂ ಕೇಳಿ. ನಿಜಕ್ಕೂ ಉಪಯೋಗಕ್ಕೆ ಬರುವ ಪ್ರಶ್ನೆ ಅದು.

ಪೆನ್ನು-ಪೇಪರಿನ ಲೆಕ್ಕ

ಈಗ ಶೀರ್ಷಿಕೆಯ ಪ್ರಶ್ನೆಗೆ ಬರೋಣ. ಲೆಕ್ಕಕ್ಕೋಸ್ಕರ ಹೀಗೆ ಅಂದ್ಕೊಳ್ಳಿ: ಸಂಜೆ 4ಕ್ಕೆ ಕೆಂಪು ಬಣ್ಣ ಪಲಮನೇರಿನ ಮೇಲಿತ್ತು. 5:20ಕ್ಕೆ ಮುಳಬಾಗಿಲಿನ ಮೇಲಿದೆ. ಎರಡರ ನಡುವೆ ನೇರ ದೂರ ಸುಮಾರು 40 ಕಿ.ಮೀ., ಹಿಡಿದದ್ದು 80 ನಿಮಿಷ. ಗಂಟೆಗೆ 30 ಕಿ.ಮೀ. ಆಯ್ತು. ಮುಳಬಾಗಿಲಿನಿಂದ ಕೋಲಾರಕ್ಕೆ ಸುಮಾರು 28 ಕಿ.ಮೀ. ಇದೇ ವೇಗ, ಇದೇ ದಿಕ್ಕಿನಲ್ಲಿ ಬಂದರೆ ಇನ್ನು 55 ನಿಮಿಷ, ಅಂದರೆ ಆರೂಕಾಲು.

ಆದರೆ ಶಟರ್ ಎಳೆಯಬೇಕಾದ್ದು ಆರೂಕಾಲಿಗಲ್ಲ. ಆಗಲೇ ಹೇಳಿದ ತಣ್ಣನೆ ಗಾಳಿ ಮಳೆಗಿಂತ ಮುಂಚೆ ಬರುತ್ತೆ, ಸಾಮಾನ್ಯವಾಗಿ ಹತ್ತು-ಹದಿನೈದು ನಿಮಿಷ, ಕೆಲವು ಸಲ ಅದಕ್ಕೂ ಮೊದಲು. ಧೂಳು ಎದ್ದು, ಸೆಖೆ ಇದ್ದದ್ದು ಒಂದೇ ಸಲ ತಣ್ಣಗಾಗಿ, ಎಲ್ಲೋ ಮಳೆಯಾದ ಮಣ್ಣಿನ ವಾಸನೆ ಬರುತ್ತಲ್ಲ, ಅದೇ. ‘ಆಹಾ, ತಂಪಾಯ್ತು’ ಅಂತ ಜನ ಅಂಗಡಿ ಮುಂದೆ ಬಂದು ನಿಲ್ಲೋ ಹೊತ್ತಲ್ಲೇ ಶೀಟು, ಬೋರ್ಡು, ಒಣಗಿದ ಕೊಂಬೆ ಬೀಳೋದು. ಟಾರ್ಪಾಲು ಕಟ್ಟೋದು, ಹೊರಗಿಟ್ಟ ಸರಕು ಒಳಗೆ ಎಳೆಯೋದು ಎಲ್ಲ ಐದೂಮುಕ್ಕಾಲಿಗೆ ಮುಗಿದಿರಬೇಕು. ಗಾಳಿ ಶುರುವಾದ ಮೇಲೆ ಟಾರ್ಪಾಲು ಹಿಡಿದರೆ ಅದು ನಿಮ್ಮನ್ನೇ ಎಳ್ಕೊಂಡು ಹೋಗುತ್ತೆ.

ಈ ಲೆಕ್ಕ ಅರ್ಧ ಗಂಟೆ, ಹೆಚ್ಚೆಂದರೆ ಒಂದು ಗಂಟೆಗೆ ಮಾತ್ರ ನಿಲ್ಲುತ್ತೆ. ಮಧ್ಯದಲ್ಲಿ ಸರಪಳಿ ತುಂಡಾಗಿ ಮೋಡ ಕರಗಬಹುದು. ಇಲ್ಲ, ಎರಡು ಕಡೆಯ ತಣ್ಣನೆ ಗಾಳಿ ಢಿಕ್ಕಿಯಾಗಿ, ಏನೂ ಇಲ್ಲದ ಕಡೆ ಹೊಸದು ಹುಟ್ಟಬಹುದು. ಅದಕ್ಕೇ ಹತ್ತು-ಹದಿನೈದು ನಿಮಿಷಕ್ಕೊಮ್ಮೆ ಲೆಕ್ಕ ಹೊಸದಾಗಿ ಹಾಕಿ. ದೂರಗಳನ್ನು ಒಂದು ಚೀಟಿಯಲ್ಲಿ ಬರೆದು ಗಲ್ಲಾಪೆಟ್ಟಿಗೆಗೆ ಅಂಟಿಸಿಕೊಂಡರೆ ಒಳ್ಳೇದು: ಕೋಲಾರಕ್ಕೆ ನೇರವಾಗಿ ಶ್ರೀನಿವಾಸಪುರ, ಮಾಲೂರು ಎರಡೂ ಸುಮಾರು 25 ಕಿ.ಮೀ., ಬಂಗಾರಪೇಟೆ 16, ಚಿಂತಾಮಣಿ 31. ರಸ್ತೆಯ ಕಿಲೋಮೀಟರ್ ಹಾಕಬೇಡಿ, ಮೋಡಕ್ಕೆ ಟೋಲ್ ಗೇಟ್ ಇಲ್ಲ.

ಕೋಲಾರ ಟೌನಿನವರಿಗೆ ಇನ್ನೊಂದು ತೊಂದರೆ. ಪಶ್ಚಿಮಕ್ಕೆ ಅಂತರಗಂಗೆ ಬೆಟ್ಟ ಅಡ್ಡ ಇದೆ. ಮಾಲೂರು, ಹೊಸಕೋಟೆ ಕಡೆ ಎದ್ದ ಮೋಡದ ಬುಡ ಊರೊಳಗಿಂದ ಕಾಣೋದೇ ಇಲ್ಲ, ಬೆಟ್ಟದ ಮೇಲೆ ಕಪ್ಪು ಕಾಣೋ ಹೊತ್ತಿಗೆ ಅದು ಹತ್ತಿರ ಬಂದಾಗಿರುತ್ತೆ. ಆ ಕಡೆಗೆ ರಾಡಾರೂ ಮಂದ, ಕಣ್ಣೂ ಮಂದ. ಸಿಡಿಲಿನ ಆ್ಯಪ್ ಒಂದೇ ಗತಿ.

ಆ್ಯಪ್ ಇಲ್ಲದಿದ್ದರೂ ಕಿವಿ ಇದೆ

ಕರೆಂಟು ಹೋಗಿ, ನೆಟ್‌ವರ್ಕೂ ಹೋದರೆ ಮಿಂಚು ಕಂಡ ಕೂಡಲೇ ಎಣಿಸಲು ಶುರು ಮಾಡಿ. ಶಬ್ದ ಒಂದು ಕಿ.ಮೀ. ಬರೋಕೆ ಸುಮಾರು 3 ಸೆಕೆಂಡ್ ಬೇಕು. 15 ಎಣಿಸಿದಾಗ ಗುಡುಗು ಕೇಳಿದರೆ ಸಿಡಿಲು 5 ಕಿ.ಮೀ. ದೂರದಲ್ಲಿ ಹೊಡೆದಿದೆ. ಮುಂದಿನ ಸಲ 9ಕ್ಕೇ ಕೇಳಿದರೆ ನಿಮ್ಮ ಕಡೆಗೇ ಬರ್ತಿದೆ. ಹಾಗಂತ 30 ಎಣಿಸೋ ಮೊದಲು ಗುಡುಗು ಕೇಳಿದರೆ ಬಯಲಲ್ಲಿ ನಿಂತು ಇನ್ನೂ ಎಣಿಸ್ತಾ ಇರಬೇಡಿ, ಒಳಗೆ ಹೋಗಿ. ಮೋಡದಿಂದ ಹತ್ತಾರು ಕಿ.ಮೀ. ಆಚೆ, ತಲೆ ಮೇಲೆ ನೀಲಿ ಆಕಾಶ ಇರುವ ಕಡೆಗೂ ಸಿಡಿಲು ಹೊಡೆಯುತ್ತೆ.

ಒಳಗೆ ಅಂದರೆ ಗೋಡೆ-ಛಾವಣಿ ಇರುವ ಕಟ್ಟಡ, ಇಲ್ಲ ಗಾಜು ಏರಿಸಿದ ಕಾರು, ಬಸ್ಸು. ಹುಣಸೆ ಮರ ಅಲ್ಲ, ಹೊಲದ ಗುಡಿಸಲೂ ಅಲ್ಲ. ದ್ರಾಕ್ಷಿ ಚಪ್ಪರ, ಟೊಮೆಟೊ ಸಾಲಿಗೆ ಕಟ್ಟಿದ ಕಂಬಿ, ತಂತಿ ಬೇಲಿ ಇವುಗಳಿಂದ ದೂರ ಇರಿ. ಒಂದು ತುದಿಗೆ ಹೊಡೆದ ಸಿಡಿಲು ಕಂಬಿ ಹಿಡಿದು ಇನ್ನೊಂದು ತುದಿಗೆ ಬರುತ್ತೆ. ಸೀಮೆಹಸುಗಳನ್ನು ಮರಕ್ಕೆ ಕಟ್ಟಿದ್ದರೆ ಗುಡುಗು ಹತ್ತಿರ ಬರೋ ಮೊದಲೇ ಬಿಚ್ಚಿಕೊಂಡು ಬನ್ನಿ, ಆಮೇಲೆ ಹೋಗೋದು ನಿಮ್ಮ ಜೀವಕ್ಕೇ ಅಪಾಯ. ಅಂಗಡಿಯಲ್ಲಿದ್ದರೆ ಕಬ್ಬಿಣದ ಶಟರ್‌ಗೆ ಒರಗಿಕೊಂಡು ಮಳೆ ನೋಡೋ ಅಭ್ಯಾಸ ಬಿಡಿ, ಫ್ರಿಜ್ಜು, ತಕ್ಕಡಿ, ಕಂಪ್ಯೂಟರಿನ ಪ್ಲಗ್ಗನ್ನು ಮೊದಲೇ ಕೀಳಿ. ಮೊಬೈಲ್ ಸಿಡಿಲನ್ನು ಎಳೆಯುತ್ತೆ ಅನ್ನೋದು ಸುಳ್ಳು. ಚಾರ್ಜಿಗೆ ಹಾಕಿದ ಮೊಬೈಲ್ ಹಿಡಿದು ಮಾತಾಡೋದು ಮಾತ್ರ ಬೇಡ.

ವಾಟ್ಸ್‌ಆ್ಯಪ್ ಗ್ರೂಪುಗಳ ಬಗ್ಗೆ ಒಂದು ಮಾತು. ಯಾವುದೋ ವರ್ಷದ ಆಲಿಕಲ್ಲು ವಿಡಿಯೊ ‘ಈಗಷ್ಟೇ’ ಅಂತ ಬಂದು, ಸಂತೆ ಬಿಟ್ಟು ಜನ ಓಡಿದರೆ ವ್ಯಾಪಾರಕ್ಕೂ ನಷ್ಟ, ಮುಂದಿನ ಸಲ ನಿಜವಾದ ಸುದ್ದಿಯನ್ನೂ ಯಾರೂ ನಂಬಲ್ಲ. ನೀವು ಹಾಕೋದಾದರೆ ಊರು, ಗಂಟೆ, ಏನು ಬೀಳ್ತಿದೆ, ಯಾವ ದಿಕ್ಕಿಗೆ ಹೋಗ್ತಿದೆ ಅನ್ನೋ ನಾಲ್ಕು ವಿಷಯ ಬರೆಯಿರಿ. ‘ನಂಗಲಿ, 4:50, ಗಾಳಿ ಜೋರು, ಮಳೆ ಶುರು, ಮುಳಬಾಗಿಲು ಕಡೆ’ ಅಂತ ಒಂದು ಸಾಲು ಮುಂದಿನ ಊರಿನವರಿಗೆ ಯಾವ ವಿಡಿಯೊಗಿಂತಲೂ ಹೆಚ್ಚು. ರಾಡಾರ್‌ಗೆ ಕಾಣದ ಆ ಕೆಳಗಿನ 4 ಕಿ.ಮೀ. ಕಾಣೋದು ಅಲ್ಲಿ ನಿಂತವರಿಗೆ ಮಾತ್ರ.

ಮಳೆ ನಿಂತ ತಕ್ಷಣ ಮಾವು ಆರಿಸೋಕೆ ಹೊರಡಬೇಡಿ. ಕೊನೆಯ ಗುಡುಗು ಕೇಳಿದ ಮೇಲೆ 30 ನಿಮಿಷ ಕಾಯಿರಿ, ಮಧ್ಯೆ ಇನ್ನೊಂದು ಕೇಳಿದರೆ ಮತ್ತೆ ಮೊದಲಿನಿಂದ 30. ಕರೆಂಟ್ ತಂತಿ ಹರಿದು ಬಿದ್ದಿದ್ದರೆ, ನಿಂತ ನೀರಲ್ಲಿದ್ದರೂ ಸರಿ, ಹತ್ತಿರ ಹೋಗದೆ ಬೆಸ್ಕಾಂನ 1912ಕ್ಕೆ ಫೋನ್ ಮಾಡಿ, ಕಂಬದ ಮೇಲಿನ ನಂಬರ್ ದೂರದಿಂದ ಕಾಣಿಸಿದರೆ ಅದನ್ನೂ ಹೇಳಿ.